ಅರವಟ್ಟಿಗೆಯ ಮುಂದೆ ಟ್ಯಾಂಕರು

ಬೇಸಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆ ನಮ್ಮ ನಾಡಿನ ಹಳೆಯ ಧರ್ಮ. ಅಲ್ಲಿ ಬಾಯಾರಿದವನು ಹೆಸರು ಹೇಳಬೇಕಾಗಿಲ್ಲ, ಬೆಲೆ ತೆರಬೇಕಾಗಿಲ್ಲ. ಅಂಥ ಅರವಟ್ಟಿಗೆಯ ಮುಂದೆ ಯಾರಾದರೂ ಟ್ಯಾಂಕರು ನಿಲ್ಲಿಸಿ, ಹಂಡೆಗೆ ಕೊಳವೆ ಇಳಿಬಿಟ್ಟರೆ ಏನಾದೀತು? ಮುಕ್ತ ತಂತ್ರಾಂಶದ ಲೋಕಕ್ಕೆ ಈಗ ಒದಗಿರುವ ಸಂಕಟ ಇಂಥದೇ.

ಕನ್ನಡದ ಅಧ್ಯಾಪಕನಿಗೆ ಈ ಗೊಡವೆ ಏಕೆಂದು ಓದುಗರು ಕೇಳಬಹುದು. 'ನವಿಲು', 'ಗುಬ್ಬಿ' ಎಂಬ ಕನ್ನಡ ಅಕ್ಷರವಿನ್ಯಾಸಗಳು ದೊರೆಯುವುದು 1993ರಲ್ಲಿ ಆರಂಭವಾದ ಡೆಬಿಯನ್ನಿನ ಭಂಡಾರದಲ್ಲಿ. ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳು ಕನ್ನಡದಲ್ಲಿಯೂ ಉಂಟು. ರಾಜಾಜಿನಗರದ ಸುತ್ತಿನ ಬಡಾವಣೆಗಳಿಂದ ನನ್ನ ತರಗತಿಗೆ ಬರುವವರಲ್ಲಿ ಹಳೆಯ ಲ್ಯಾಪ್‌ಟಾಪಿನಿಂದಲೇ ತೃಪ್ತರಾಗಬೇಕಾದವರು ಹಲವರು. ಅವರ ಪಾಲಿಗೆ ಈ ಭಂಡಾರ ಅಲಂಕಾರವಲ್ಲ, ಅನ್ನ.

ಇಂಥ ಭಂಡಾರದ ಯಥಾಪ್ರತಿಗಳನ್ನು ವಿಶ್ವವಿದ್ಯಾಲಯಗಳೂ ಸಂಸ್ಥೆಗಳೂ ಸ್ವಂತ ಖರ್ಚಿನಲ್ಲಿ ಇರಿಸಿ ಹಂಚುತ್ತವೆ. ಇವಕ್ಕೆ ಮಿರರ್, ಎಂದರೆ ಕನ್ನಡಿ, ಎಂದು ಹೆಸರು. ನಮ್ಮಲ್ಲಿ ಕಾನ್ಪುರದ ಐಐಟಿ ಈ ಸೇವೆ ಸಲ್ಲಿಸಿದೆ. ಮೂಲದ ಮೇಲಿನ ಭಾರ ಹಲವು ಹೆಗಲಿಗೆ ಹಂಚಿಹೋಗುವುದೇ ಇದರ ಗುಟ್ಟು. ಆದರೂ ಹೊಸ ಆವೃತ್ತಿ ಹೊರಬಿದ್ದ ದಿನ ನೂಕುನುಗ್ಗಲು ತಪ್ಪದು. 2008ರ ಜೂನ್ 17ರಂದು ಫೈರ್‌ಫಾಕ್ಸ್ 3 ಹೊರಬಂದಾಗ ಮೊದಲಿಗೆ ಸರ್ವರುಗಳೇ ಕುಸಿದವು. ಬಳಿಕ 24 ಗಂಟೆಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಇಳಿದವು.

ಅದು ಜಾತ್ರೆಯ ಜನ. ತೇರು ಎಳೆದ ಮೇಲೆ ಚದುರುತ್ತಾರೆ. ಇಂದಿನ ದಟ್ಟಣೆ ಚದುರುವಂಥದಲ್ಲ. ದೊಡ್ಡ ಕಂಪನಿಗಳಲ್ಲಿ ಕಾರ್ಯಕ್ರಮದ ಒಂದು ಸಾಲು ಬದಲಾದರೂ ಪರೀಕ್ಷಾಯಂತ್ರಗಳು ಹೊಸದಾಗಿ ಎದ್ದು, ನಿನ್ನೆ ತಂದ ಕಡತಗಳನ್ನೇ ಇಂದು ಮತ್ತೆ ತರುತ್ತವೆ. ಜಾವಾ ತಂತ್ರಾಂಶಗಳ ದೊಡ್ಡ ಭಂಡಾರವಾದ ಮೇವನ್ ಸೆಂಟ್ರಲ್ಲನ್ನು ನಡೆಸುವ ಸೋನಾಟೈಪ್ ಸಂಸ್ಥೆ 2024ರಲ್ಲಿ ಹೇಳಿದ ಲೆಕ್ಕದಂತೆ, ಶೇಕಡ 80ಕ್ಕೂ ಮಿಕ್ಕ ಭಾರ ಸುಮಾರು ಶೇಕಡ 1ರಷ್ಟು ವಿಳಾಸಗಳಿಂದಲೇ ಬರುತ್ತಿತ್ತು. ಬಾಯಾರಿದವರು ಬಹಳ ಮಂದಿ. ಹಂಡೆ ಬರಿದುಮಾಡುವವರು ಕೆಲವರು.

ಹಾಗಾದರೆ ವಿಳಾಸವೊಂದಕ್ಕೆ ಇಷ್ಟೇ ಎಂದು ಮಿತಿ ಹಾಕಿದರಾಯಿತಲ್ಲ? ಮಾತು ಸರಿ, ತೊಡಕೂ ಅಲ್ಲಿಯೇ ಇದೆ. ಕಾಲೇಜಿನ ನೂರಾರು ಹುಡುಗರು ಹೊರಲೋಕಕ್ಕೆ ಒಂದೇ ವಿಳಾಸವಾಗಿ ಕಾಣುವುದುಂಟು. ಕುರುಡು ಮಿತಿ ಟ್ಯಾಂಕರಿಗೂ ಚೊಂಬಿಗೂ ಭೇದವೆಣಿಸದು. ಎಲ್ಲರಿಂದಲೂ ಶುಲ್ಕ ಪಡೆಯುವುದಾದರೆ ಮೊದಲು ಹೊರಗುಳಿಯುವವನು ಬಡ ವಿದ್ಯಾರ್ಥಿ. ಬರಿದೆ ಸರ್ವರುಗಳನ್ನು ಹೆಚ್ಚಿಸಿದರೆ ಖರ್ಚು ದಾನಿಗಳ ತಲೆಗೆ, ಲಾಭ ಟ್ಯಾಂಕರಿಗೆ.

ನನಗೆ ನ್ಯಾಯವಾಗಿ ತೋರುವ ದಾರಿ, ತಂದದ್ದನ್ನು ಮನೆಯಲ್ಲಿ ಕೂಡಿಡುವುದು. ಒಮ್ಮೆ ಇಳಿಸಿದ ಕಡತವನ್ನು ಸ್ಥಳೀಯ ಸರ್ವರಿನಲ್ಲಿಟ್ಟು ಒಳಗಿನ ಎಲ್ಲ ಗಣಕಗಳಿಗೂ ಅಲ್ಲಿಂದಲೇ ಬಡಿಸಬಹುದು. ಕಾಲೇಜಿಗೆ ಒಂದು ಸಾಧಾರಣ ಗಣಕ ಸಾಕು: ಪ್ರಯೋಗಾಲಯದ ನಲವತ್ತು ಯಂತ್ರಗಳಿಗಾಗಿ ನಲವತ್ತು ಸಲ ತರುವ ಬದಲು ಒಂದು ಸಲ ತಂದರಾಯಿತು. ಕಂಪನಿಗಳಿಗಂತೂ ಇದು ಲೆಕ್ಕಕ್ಕೇ ಬಾರದ ಖರ್ಚು. ಅದನ್ನೂ ಮೀರಿ ಬೇಕಾದವರು ಬಳಕೆಗೆ ತಕ್ಕ ಹಣ ಕೊಡಲಿ. ಇಲ್ಲವೆ ತಾವೇ ಒಂದು ಕನ್ನಡಿಯನ್ನು ನಿಲ್ಲಿಸಲಿ.

ಮುಕ್ತ ತಂತ್ರಾಂಶದ ಬಲದಿಂದ ಬೆಳೆದ ಬೆಂಗಳೂರಿಗೆ ಈ ಹೊಣೆ ಉಳಿದ ಊರುಗಳಿಗಿಂತ ಹೆಚ್ಚು. ಅರವಟ್ಟಿಗೆ ಮುಚ್ಚಿದರೆ ಟ್ಯಾಂಕರಿನವನು ಬೇರೆ ಕಡೆ ನೀರು ಕೊಂಡಾನು. ಬರಿಗಾಲಿನ ದಾರಿಹೋಕನಿಗೆ ಬೇರೆ ನೀರಿಲ್ಲ.