ಭೂಗರ್ಭದ ಕೆಂಡವು ಆರುತ್ತಿರುವದೇ?

ಕಳೆದ ತಿಂಗಳು ನಾವು ವಿಜಯಪುರದ ಜಲನಗರದಲ್ಲಿ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಅವರ ಕಿರಿಯ ಮಗಳು ಶಾಲೆಯಲ್ಲಿ ಕೇಳಿಬಂದ ಸುದ್ದಿಯೊಂದನ್ನು ಗಾಬರಿಯಿಂದ ಹೇಳಿದಳು: ಭೂಮಿಯ ಗರ್ಭವು ದಿನದಿನಕ್ಕೆ ತಣ್ಣಗಾಗುತ್ತಲಿದೆಯಂತೆ! ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿಯವರು ಕೈ ನಿಲ್ಲಿಸಿ, “ಹಂಗಾರ ಮುಂದ ನಿಮ್ಮ ಮಕ್ಕಳ ಗತಿ ಏನವ್ವಾ?” ಎಂದು ಕೇಳಿದರು. ಇದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ಆದದರಿಂದ ಈ ಸಾರೆಯ ಲೇಖವನ್ನು ನಾವು ಅದರ ಉತ್ತರಕ್ಕೇ ಮೀಸಲಿಟ್ಟಿರುವೆವು.

ಭೂಮಿಯ ಒಡಲು ಕಾದಿರುವದೆಂಬುದಕ್ಕೆ ಪ್ರಮಾಣವು ನಮ್ಮ ನಾಡಿನಲ್ಲಿಯೇ ಇದೆ. ಕೋಲಾರದ ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚುವ ಮುನ್ನ ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿದ್ದವು. ಆ ತಳದ ಬಂಡೆಯ ಉಷ್ಣತೆಯು ಸುಮಾರು ೬೫ ಡಿಗ್ರಿ ಸೆಲ್ಸಿಯಸ್ ಇದ್ದಿತು. ಆದರೆ ಗಣಿಯು ಮುಟ್ಟಿದ್ದು ಹಣ್ಣಿನ ಸಿಪ್ಪೆಯನ್ನು ಮಾತ್ರ. ಸುಮಾರು ೨,೯೦೦ ಕಿಲೋಮೀಟರು ಕೆಳಗೆ ಕರಗಿದ ಕಬ್ಬಿಣದ ಕಡಲೊಂದಿರುವದು. ಅದರ ನಡುವೆ ಗಟ್ಟಿ ಕಬ್ಬಿಣದ ಗೋಲ. ಈ ಗೋಲವನ್ನು ೧೯೩೬ರಲ್ಲಿ ಡೆನ್ಮಾರ್ಕ ದೇಶದ ಇಂಗೆ ಲೆಹ್ಮನ್ ಎಂಬ ವಿದುಷಿಯರು ಭೂಕಂಪದ ಅಲೆಗಳ ನಡೆಯಿಂದ ಕಂಡುಹಿಡಿದರು. ಅಲ್ಲಿಯ ಉಷ್ಣತೆಯು ೫,೦೦೦ ಡಿಗ್ರಿಗೂ ಮೇಲೆ.

ಈ ಕಾವು ಆರುತ್ತಿರುವದು ನಿಜ. ೨೦೨೨ರಲ್ಲಿ ಜೂರಿಕ್ ನಗರದ ಸಂಶೋಧಕರು, ಗರ್ಭವನ್ನು ಸುತ್ತಿದ ಶಿಲೆಯ ಮುಖ್ಯ ಖನಿಜವೊಂದು ತಿಳಿದದ್ದಕ್ಕಿಂತ ಹೆಚ್ಚು ಶಾಖವನ್ನು ಸಾಗಿಸುವದೆಂದು ಅಳೆದು, ಎಣಿಸಿದ್ದಕ್ಕಿಂತ ಬೇಗನೆ ಭೂಮಿಯು ಆರುತ್ತಿರಬಹುದೆಂದು ತಿಳಿಸಿದರು. ಆದರೆ ಭೂಮಿಯ ವಿಷಯದಲ್ಲಿ ‘ಬೇಗನೆ’ ಎಂದರೂ ಅದು ಕೋಟಿಗಟ್ಟಲೆ ವರುಷಗಳ ಮಾತು. ಬೂದಿ ಮುಚ್ಚಿದ ಕೆಂಡವು ಬೆಳಗಿನ ವರೆಗೆ ಉಳಿಯುವಂತೆ, ದಪ್ಪನೆಯ ಶಿಲೆಯ ಹೊದಿಕೆಯೊಳಗೆ ಈ ಕಾವು ಉಳಿದಿದೆ. ಮೇಲಾಗಿ ಶಿಲೆಯೊಳಗಿನ ಯುರೇನಿಯಂ, ಥೋರಿಯಂ ಮುಂತಾದ ಧಾತುಗಳು ತಾವು ಒಡೆಯುತ್ತ ಹೊಸ ಶಾಖವನ್ನು ಕೊಡುತ್ತಲಿರುವವು.

ಗರ್ಭವು ಆರಿದರೆ ನಾವು ಚಳಿಯಿಂದ ಸೆಡೆಯುವೆವೇ? ಇಲ್ಲ. ನೆಲದೊಳಗಿಂದ ಮೇಲಕ್ಕೆ ಬರುವ ಶಾಖವು ಸೂರ್ಯನಿಂದ ದೊರೆಯುವದರ ಎರಡು ಸಾವಿರದಲ್ಲಿ ಒಂದು ಪಾಲೂ ಆಗದು. ವಿಜಯಪುರದ ಚೈತ್ರ ವೈಶಾಖಗಳ ಉರಿಯು ಸೂರ್ಯನದು, ಭೂಗರ್ಭದ್ದಲ್ಲ.

ಹಾಗಾದರೆ ಒಡಲ ಕಾವಿನಿಂದ ನಮಗೇನು? ಸುಮಾರು ೬.೬ ಕೋಟಿ ವರುಷಗಳ ಹಿಂದೆ, ಆ ಕಾವಿನಿಂದ ಕರಗಿದ ಶಿಲಾರಸವು ದಖ್ಖನದ ಮೇಲೆ ಪದರು ಪದರಾಗಿ ಹರಿದು ಆರಿತು. ವಿಜಯಪುರದ ಕರಿಕಲ್ಲು ಅದೇ. ೧೬೫೬ರಲ್ಲಿ ಪೂರ್ಣವಾದ ಗೋಲಗುಮ್ಮಟವು ಎದ್ದು ನಿಂತದ್ದು ಆ ಕಲ್ಲಿನಿಂದ; ಆ ಕಲ್ಲೇ ಸವೆದು ಎರೆಮಣ್ಣಾಗಿ ಡೋಣಿ ಹೊಳೆಯ ಸೀಮೆಯಲ್ಲಿ ಜೋಳ ಬೆಳೆಯುವದು. ಅಜ್ಜಿಯವರ ಕೈಯೊಳಗಿನ ಹಿಟ್ಟು ಕೂಡ ಆ ಕಾವಿನ ಋಣದಲ್ಲಿದೆ.

ಇದಕ್ಕೂ ಹಿರಿದಾದ ಉಪಕಾರ ಇನ್ನೊಂದುಂಟು. ಒಲೆಯ ಮೇಲಿನ ಹಾಲಿನಲ್ಲಿ ಕೆಳಗಿನದು ಕಾದು ಮೇಲೇರುವದು, ಮೇಲಿನದು ಆರಿ ಕೆಳಗಿಳಿಯುವದು. ಕರಗಿದ ಕಬ್ಬಿಣದ ಕಡಲೂ ಮೇಲ್ಗಡೆಯಲ್ಲಿ ಶಾಖ ಕಳೆದುಕೊಳ್ಳುವದರಿಂದಲೇ ಹೀಗೆ ಹೊರಳಾಡುತ್ತಿರುವದು. ನಡುವಣ ಗೋಲವು ವರುಷಕ್ಕೆ ಸುಮಾರು ಒಂದು ಮಿಲಿಮೀಟರು ಹೆಪ್ಪುಗಟ್ಟಿ ಬೆಳೆಯುವದೂ ಆ ಹೊರಳಾಟಕ್ಕೆ ಬಲ ಕೊಡುವದು. ಇದರಿಂದಲೇ ಭೂಮಿಗೆ ಅಯಸ್ಕಾಂತದ ಶಕ್ತಿ ಬಂದಿದೆ. ಸೂರ್ಯನಿಂದ ರಭಸವಾಗಿ ಹಾರಿಬರುವ ವಿದ್ಯುತ್ಕಣಗಳಲ್ಲಿ ಬಹುಭಾಗವನ್ನು ಅದು ದೂರದಲ್ಲಿಯೇ ತಿರುಗಿಸಿಬಿಡುವದು. ಆರದೆ ಒಂದೇ ಸಮನಾಗಿ ಕಾದು ನಿಂತ ಗರ್ಭದಿಂದ ಈ ಕೆಲಸವು ನಡೆಯಲಾರದು.

ಇದು ನಿಂತರೆ ಏನಾದೀತೆಂಬುದಕ್ಕೆ ಮಂಗಳ ಗ್ರಹವನ್ನು ನೋಡಬೇಕು. ಅದು ಚಿಕ್ಕದು, ಅದರ ಅಯಸ್ಕಾಂತ ಶಕ್ತಿಯು ಸುಮಾರು ೪೦೦ ಕೋಟಿ ವರುಷಗಳ ಹಿಂದೆಯೇ ಉಡುಗಿತು. ಬಳಿಕ ಅದರ ವಾಯುಮಂಡಲದ ಬಹುಭಾಗವು ಆಕಾಶಕ್ಕೆ ಸೋರಿಹೋಯಿತು. ನಮ್ಮ ಭೂಮಿಗೂ ಒಂದು ದಿನ ಆ ಗತಿ ಬರಬಹುದು. ಆದರೆ ಅದಕ್ಕೆ ನೂರಾರು ಕೋಟಿ ವರುಷಗಳು ಬೇಕು. ಅದಕ್ಕೂ ಮೊದಲೇ, ಸುಮಾರು ೧೦೦ ಕೋಟಿ ವರುಷಗಳಲ್ಲಿ, ಸೂರ್ಯನ ಪ್ರಖರತೆಯು ಹೆಚ್ಚಿ ಸಮುದ್ರಗಳು ಬತ್ತತೊಡಗುವವೆಂದು ಖಗೋಳಜ್ಞರ ಎಣಿಕೆ. ಅಜ್ಜಿಯವರ ಮೊಮ್ಮಕ್ಕಳ ಮೊಮ್ಮಕ್ಕಳೂ ಈ ಚಿಂತೆಯನ್ನು ತಲೆಗೆ ಹಚ್ಚಿಕೊಳ್ಳಬೇಕಾದದ್ದಿಲ್ಲ.

ಇಷ್ಟನ್ನೂ ಬಾಯಿಮಾತಿನಿಂದ ನಂಬಿಸುವದಕ್ಕಿಂತ ತೋರಿಸುವದು ಲೇಸೆಂದು, ಅಂದು ನಾವು ಹುಡುಗಿಯಿಂದ ಒಂದು ಹೊಲಿಗೆಯ ಸೂಜಿಯನ್ನು ತರಿಸಿ, ಅದನ್ನು ಅಯಸ್ಕಾಂತದ ತುಂಡಿಗೆ ಒಂದೇ ದಿಕ್ಕಿನಲ್ಲಿ ಹಲವು ಸಾರೆ ತಿಕ್ಕಿದೆವು. ಹಿತ್ತಾಳೆಯ ಬೋಗುಣಿಯ ನೀರಿನ ಮೇಲೆ ಒಣಗಿದ ಎಲೆಯೊಂದನ್ನು ತೇಲಬಿಟ್ಟು ಅದರ ಮೇಲೆ ಸೂಜಿಯನ್ನಿಟ್ಟೆವು. ಅದು ಮೆಲ್ಲಗೆ ತಿರುಗಿ ಉತ್ತರ ದಕ್ಷಿಣವಾಗಿ ನಿಂತಿತು. ಹುಡುಗಿ ಬೆರಳಿನಿಂದ ಅದನ್ನು ಬೇರೆ ಕಡೆಗೆ ಸರಿಸಿದಳು. ಮತ್ತೆ ಅದು ಹಾಗೆಯೇ ತಿರುಗಿ ನಿಂತಿತು. “ಇದನ್ನು ತಿರುಗಿಸುತ್ತಿರುವದು ಭೂಗರ್ಭದ ಆರುತ್ತಿರುವ ಕಬ್ಬಿಣವೇ, ತಾಯಿ” ಎಂದೆವು.

ಅಜ್ಜಿಯವರು ಬೋಗುಣಿಯನ್ನು ಬಗ್ಗಿ ನೋಡಿದರು. “ಹಂಗಾರ ಇನ್ನೂ ಬೆಚ್ಚಗದಾಳ ನಮ್ಮವ್ವ” ಎಂದು ನುಡಿದು, ಮತ್ತೆ ರೊಟ್ಟಿ ಬಡಿಯತೊಡಗಿದರು.