ಸಂಶಯ ಇಲ್ಲ ಅಂದದ್ದೇ ತಪ್ಪಾಯ್ತು

ಈ ವಾರ ಸಿನಿಮಾ ಸುದ್ದಿ ಕೊಂಚ ಪಕ್ಕಕ್ಕಿರಲಿ, ಮಿತ್ರರೇ. ಬೈಂದೂರಿನ ಓದುಗರೊಬ್ಬರು ಕಾರ್ಡು ಬರೆದಿದ್ದಾರೆ. ‘ಸೀ, ಲುಕ್, ವಾಚ್ ಮೂರಕ್ಕೂ ನೋಡು ಅಂತಲೇ ಅರ್ಥ. ಮತ್ತೆ ಇಂಗ್ಲಿಷಿನವರಿಗೆ ಮೂರು ಶಬ್ದ ಯಾಕೆ ಬೇಕಾಯ್ತು ಸಾರ್?’

ಒಳ್ಳೇ ಪ್ರಶ್ನೆ. ನಮ್ಮ ಕುಂದಾಪುರದ ಕಡೆ ‘ಸಿನಿಮಾ ಕಾಂಬುಕೆ ಹ್ವಾಪ’ ಅಂದರೆ ಮುಗೀತು. ಆ ಒಂದು ‘ಕಾಣ್’ ಎಲ್ಲಾ ಕೆಲಸ ಮಾಡ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇಳಿದಿರಿ, ಗೋಡೆಯ ಪೋಸ್ಟರು ತಾನಾಗಿ ಕಣ್ಣಿಗೆ ಬಿತ್ತು. ಅದು ಸೀ. ಹೀರೋ ಮೀಸೆ ಹೇಗಿದೆ ಅಂತ ಬೇಕೆಂದೇ ಅತ್ತ ಕಣ್ಣು ಹಾಯಿಸಿದಿರಿ. ಅದು ಲುಕ್, ಅದರ ಬಾಲಕ್ಕೊಂದು ‘ಅಟ್’ ಬೇಕು. ಫೈಟಿಂಗನ್ನು ಕೊನೇ ತನಕ ಕಣ್ಣು ಕೀಳದೆ ನೋಡಿದಿರಿ. ಅದು ವಾಚ್. ಆದರೆ ನಮ್ಮ ಕೆರಾಡಿಯ ರಿಷಬ್ ಶೆಟ್ಟರ ‘ಕಾಂತಾರ’ವನ್ನು 2022ರಲ್ಲಿ ಥಿಯೇಟರಿಗೇ ಹೋಗಿ ನೋಡಿದ್ದಾದರೆ ‘ಐ ಸಾ’ ಅನ್ನಿ, ಸರಿಯೇ. ಮನೆಯ ಟಿ.ವಿ.ಯಲ್ಲಿ ನೋಡಿದ್ದಕ್ಕೆ ‘ವಾಚ್ಡ್’.

‘ಕೇಳು’ ಇದಕ್ಕಿಂತ ಹೆಚ್ಚು ಉಪದ್ರದ್ದು. ಹಾಡು ಕಿವಿಗೆ ಬಿದ್ದರೆ ಹಿಯರ್, ಕಿವಿಗೊಟ್ಟರೆ ಲಿಸನ್ ಟು, ಕಂಡಕ್ಟರನ ಹತ್ತಿರ ಚಿಲ್ಲರೆ ಕೇಳಿದರೆ ಆಸ್ಕ್. ನಮ್ಮ ಹುಡುಗರು ಲಿಸನ್‌ಗೆ ಬೇಕಾದ ‘ಟು’ವನ್ನು ತೆಗೆದು ಆಸ್ಕ್‌ಗೆ ಅಂಟಿಸಿ ‘ಆಸ್ಕ್ ಟು ಹಿಮ್’ ಅಂತಾರೆ. ಬೇಡ ಮಾರಾಯ್ರೆ. ಟಿಕೇಟಿಗೆ ದುಡ್ಡು ಕೈಗಡ ಕೊಡುವವ ಲೆಂಡ್ ಮಾಡ್ತಾನೆ, ಇಸ್ಕೊಳ್ಳುವವ ಬಾರೋ ಮಾಡ್ತಾನೆ. ವಾಪಸು ಕೊಡುವುದಕ್ಕೆ ಶಬ್ದ ಇದೆ, ನಮ್ಮ ಗೆಳೆಯರಿಗೆ ಅದು ಬೇಕಾಗುವುದಿಲ್ಲ!

ಇವೆಲ್ಲ ತಪ್ಪಿದರೆ ನಾಲ್ಕು ಜನ ನಗ್ತಾರೆ, ಅಷ್ಟೇ. ನಾನು ತಪ್ಪಿದ ಒಂದು ಶಬ್ದಕ್ಕೆ ಯಾರೂ ನಗಲಿಲ್ಲ.

1983ನೇ ಇಸವಿ. ಊರಿನ ಎಷ್ಟೋ ಹುಡುಗರ ಹಾಗೆ ನಾನೂ ಬೊಂಬಾಯಿಯಲ್ಲಿದ್ದೆ, ಫೋರ್ಟಿನ ಒಂದು ಹೋಟೆಲಿನ ಗಲ್ಲದಲ್ಲಿ. ಬ್ರಹ್ಮಾವರದ ಕಡೆಯ ಹುಡುಗನೊಬ್ಬ ಟೇಬಲ್ ಒರೆಸುತ್ತಿದ್ದ. ಒಂದು ರಾತ್ರಿ ಲೆಕ್ಕದಲ್ಲಿ ಮುನ್ನೂರು ರೂಪಾಯಿ ಕಡಿಮೆ ಬಂತು. ಗಲ್ಲದ ಹತ್ತಿರ ಸುಳಿದವನು ಅವನೊಬ್ಬನೇ. ಪಾಲುದಾರರೊಬ್ಬರು ಬಂದರು, ಅವರಿಗೆ ಕನ್ನಡವೂ ಬಾರದು, ತುಳುವೂ ಬಾರದು. ‘ಅವನೇ ತೆಗೆದದ್ದು ಅಂತೀಯಾ?’ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದರು.

ನನ್ನ ತಲೆಯಲ್ಲಿದ್ದ ವಾಕ್ಯ ಇದು: ಅವನು ತೆಗೆದ ಅಂತ ನನಗೆ ಸಂಶಯ ಇಲ್ಲ. ಅದನ್ನೇ ಶಬ್ದಕ್ಕೆ ಶಬ್ದ ಜೋಡಿಸಿ, ಜಂಬದಿಂದ, ‘ಐ ಡೋಂಟ್ ಡೌಟ್ ದಟ್ ಹಿ ಟುಕ್ ಇಟ್’ ಅಂದೆ. ಅವರು ತಲೆ ಆಡಿಸಿದರು. ಹುಡುಗನನ್ನು ಬಚಾವು ಮಾಡಿದೆ ಅಂದುಕೊಂಡೆ. ಆ ರಾತ್ರಿಯೇ ಅವನ ಟ್ರಂಕು ಹೊರಗೆ ಬಂತು.

ಮೂರನೇ ದಿನ ದಿನಸಿಯವನ ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಸಿಕ್ಕಿತು. ಮುನ್ನೂರು ನಾನೇ ಕೊಟ್ಟಿದ್ದೆ, ಬರೆದುಕೊಳ್ಳಲು ಮರೆತಿದ್ದೆ. ಓಡಿ ಹೋಗಿ ಹೇಳಿದೆ. ‘ಹೋದವ ಹೋದ’ ಅಂದರು. ಅಷ್ಟರಲ್ಲಿ ಅವನು ಊರಿನ ಬಸ್ಸು ಹಿಡಿದಿದ್ದ.

ನಾನು ಆಡಿದ ಮಾತಿನ ಅರ್ಥ ತಿಳಿದದ್ದು ಆಮೇಲೆ. ಆಗ ಹೋಟೆಲು ಹುಡುಗರಿಗೆ ಅಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಅಂಥದ್ದೊಂದರಲ್ಲಿ ಮಾಸ್ತರರು ಬೋರ್ಡಿನ ಮೇಲೆ ಎರಡು ಶಬ್ದ ಬರೆದರು. ಕನ್ನಡದಲ್ಲಿ ಎರಡೂ ಸಂಶಯವೇ. ಆದರೆ ‘ಡೌಟ್’ ಎಂಬುದು ‘ಹಾಗಿರಲಿಕ್ಕಿಲ್ಲ’ ಎಂಬ ಕಡೆಗೆ ವಾಲುವ ಸಂಶಯ. ‘ಸಸ್ಪೆಕ್ಟ್’ ಎಂಬುದು ‘ಹಾಗೇ ಇರಬೇಕು’ ಎಂಬ ಕಡೆಗೆ ವಾಲುವುದು. ‘ಐ ಡೌಟ್ ಹಿ ಟುಕ್ ಇಟ್’ ಅಂದರೆ ಅವನು ತೆಗೆದಿರಲಿಕ್ಕಿಲ್ಲ. ‘ಐ ಡೋಂಟ್ ಸಸ್ಪೆಕ್ಟ್ ಹಿಮ್’ ಅಂದರೆ ಅವನ ಮೇಲೆ ಗುಮಾನಿ ಇಲ್ಲ. ಎರಡರಲ್ಲಿ ಯಾವುದು ಅಂದಿದ್ದರೂ ಹುಡುಗ ಉಳಿಯುತ್ತಿದ್ದ. ನಾನು ಅಂದದ್ದು, ‘ಅವನೇ ತೆಗೆದದ್ದು, ಅದರಲ್ಲಿ ಎರಡು ಮಾತಿಲ್ಲ’ ಅಂತ!

ನಾಲ್ಕಾರು ವರ್ಷದ ಮೇಲೆ ಬ್ರಹ್ಮಾವರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ನನ್ನನ್ನು ಅವನೇ ಗುರುತು ಹಿಡಿದು, ಚಹಾ ಕುಡಿಸಿ, ದುಡ್ಡು ಕೊಡಲಿಕ್ಕೂ ಬಿಡಲಿಲ್ಲ. ಹೊರಡುವಾಗ ಮೆಲ್ಲಗೆ ಕೇಳಿದ, ‘ಅಣ್ಣಾ, ಆ ದಿನ ಅವರ ಹತ್ರ ನೀವು ಎಂತ ಹೇಳಿದ್ರಿ?’

ಹೇಳಿದೆ. ಅವನಿಗೆ ಇಂಗ್ಲಿಷ್ ಬಾರದು, ಅರ್ಥ ಮಾಡಿಸಲು ಎರಡು ಬಸ್ಸು ಬಿಡಬೇಕಾಯ್ತು.

ಬೈಂದೂರಿನ ಮಿತ್ರರೇ, ‘ರಿಮೆಂಬರ್’ ಮತ್ತು ‘ರಿಮೈಂಡ್’ ಬಗ್ಗೆಯೂ ಕೇಳಿದ್ದೀರಿ. ಅದು ಮುಂದಿನ ವಾರ.