ಮಗುವಿಗೆ ಬುದ್ಧಿ ಕಮ್ಮಿಯೋ, ಪ್ರಶ್ನೆ ಕೇಳಿದ ಭಾಷೆ ಬೇರೆಯೋ?

ಕ್ಲಾಸಲ್ಲಿ ಹಿಂದೆ ಬಿದ್ದ ಮಗುವನ್ನು ವಿಶೇಷ ಶಿಕ್ಷಣಕ್ಕೆ ಸೇರಿಸಬೇಕೇ ಎಂದು ನೋಡುವಾಗ ಐಕ್ಯೂ ಟೆಸ್ಟ್ ಮಾಡಿಸ್ತಾರೆ. ಕೊನೆಗೆ ಅಪ್ಪ ಅಮ್ಮನ ಕೈಗೆ ಬರೋದು ಒಂದು ಅಂಕೆ. ಅದು 70ಕ್ಕಿಂತ ಕೆಳಗಿದ್ದರೆ ಬೌದ್ಧಿಕ ಅಂಗವೈಕಲ್ಯದ ಮಾತು ಶುರು. ಟೆಸ್ಟ್ ಯಾವುದು, ಯಾವ ಭಾಷೆಯಲ್ಲಿ ಮಾಡಿದ್ದು ಅಂತ ಕೇಳುವವರೇ ಕಮ್ಮಿ.

ಗಡಿಯ ನಮಗೆ ಈ ಪ್ರಶ್ನೆ ದೊಡ್ಡದು. ಕಾಸರಗೋಡಿನ ಮಗುವಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿ ಆಸ್ಪತ್ರೆಗಳಲ್ಲಿ ಮಲಯಾಳ. ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಆದವಾನಿಯಲ್ಲಿ ತೆಲುಗು. ಅರ್ಥವಾಗದ ಪ್ರಶ್ನೆಗೆ ಮಗು ಸುಮ್ಮನೆ ಕೂತರೆ ಆ ಮೌನಕ್ಕೂ ಸೊನ್ನೆಯೇ.

ಇದು ಬರೀ ಊಹೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಒಂಬತ್ತು ಮಕ್ಕಳ ಪರವಾಗಿ 'ಡಯಾನಾ' ಮೊಕದ್ದಮೆ ನಡೆಯಿತು. ಅವರದೇ ಭಾಷೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಹೆಚ್ಚಿನವರು ಆ ಗೆರೆಗಿಂತ ಮೇಲಿದ್ದರು. ಮನೆಮಾತಿನಲ್ಲೂ ಪರೀಕ್ಷಿಸಬೇಕೆಂದು 1970ರಲ್ಲಿ ಒಪ್ಪಂದವಾಯಿತು.

ಟೆಸ್ಟುಗಳೂ ಎಲ್ಲ ಒಂದೇ ಅಲ್ಲ. ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿಯೇ ಅಳವಡಿಸಿದರು. ನಮ್ಮ ಭಾಷೆಯಲ್ಲಿ ಅಳೆಯೋ ದಾರಿ ಅಷ್ಟು ಹಳೆಯದು! ಆದರೆ ಅದರಲ್ಲಿ ಮಾತಿನ ಪಾಲು ಹೆಚ್ಚು. ಮಾಲಿನ್ ಪರೀಕ್ಷೆಯಲ್ಲಿ ಮಾತಿನ ಭಾಗ ಬೇರೆ, ಕೈಯಲ್ಲಿ ಮಾಡಿ ತೋರಿಸುವ ಭಾಗ ಬೇರೆ. ಮೊದಲನೆಯದರಲ್ಲಿ ತೀರಾ ಕಮ್ಮಿ, ಎರಡನೆಯದರಲ್ಲಿ ಚೆನ್ನಾಗಿ ಬಂದರೆ ಭಾಷೆಯ ತೊಡಕೇ ಎಂದು ಮೊದಲು ನೋಡಬೇಕು. ರಾವೆನ್ ಪರೀಕ್ಷೆಯಲ್ಲಿ ಬಿಟ್ಟ ಚಿತ್ರದ ತುಂಡನ್ನು ಆರಿಸಿದರೆ ಸಾಕು, ಮಾತೇ ಬೇಡ. ಹಾಗಂತ ಅದೊಂದೇ ಸಾಲದು. ಮಗುವಿನ ಮಾತಿನ ಶಕ್ತಿ ಅದರಲ್ಲಿ ಕಾಣೋದಿಲ್ಲ. ಪುಸ್ತಕ, ಒಗಟು ನೋಡದೇ ಬೆಳೆದ ಮಗುವಿಗೆ ಚಿತ್ರವೂ ಹೊಸದೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಬುದ್ಧಿಶಕ್ತಿಯ ಜೊತೆಗೆ ದಿನನಿತ್ಯದ ನಡವಳಿಕೆಯನ್ನೂ ನೋಡಬೇಕೆನ್ನುತ್ತದೆ. ಅಂಗಡಿಗೆ ಹೋಗಿ ಲೆಕ್ಕವಾಗಿ ಚಿಲ್ಲರೆ ತರುವ, ತಂಗಿಯನ್ನು ನೋಡಿಕೊಳ್ಳುವ ಮಗುವಿನ ಬಗ್ಗೆ ಒಂದು ಅಂಕೆ ಎಲ್ಲವನ್ನೂ ಹೇಳಲಾರದು.

ಟೆಸ್ಟೇ ಬೇಡ ಅನ್ನೋದು ನಮ್ಮ ವಾದವಲ್ಲ. ನಿಜವಾಗಿ ನೆರವು ಬೇಕಾದ ಮಗುವನ್ನು 'ಭಾಷೆಯ ಸಮಸ್ಯೆ ಅಷ್ಟೇ' ಎಂದು ಬಿಟ್ಟರೆ ಅದೂ ಅನ್ಯಾಯ. ಸರಿಯಾದ ಭಾಷೆಯಲ್ಲಿ ಪರೀಕ್ಷಿಸಿದರೆ ಈ ಎರಡೂ ತಪ್ಪು ತಪ್ಪುತ್ತವೆ.

ನಿಮ್ಮ ಊರಲ್ಲಿ ಇಂಥ ಮಗುವಿದ್ದರೆ ತಂದೆತಾಯಿ ಜೊತೆ ನೀವೂ ಹೋಗಿ. ಕಿವಿ, ಕಣ್ಣು ಮೊದಲು ನೋಡಿಸಿದ್ದಾರಾ? ಯಾವ ಟೆಸ್ಟ್, ಯಾವ ಭಾಷೆ? ಎರಡೂ ಭಾಗದ ಅಂಕ ಬೇರೆಬೇರೆ ಕೊಟ್ಟಿದ್ದಾರಾ? ಭಾಷೆಯ ವಿಷಯ ವರದಿಯಲ್ಲಿ ಬರೆದಿದ್ದಾರಾ? ಇಷ್ಟನ್ನು ವಿನಯದಿಂದಲೇ ಕೇಳಿ, ಉತ್ತರ ಬರೋವರೆಗೂ ಬಿಡಬೇಡಿ.